ಟರ್ನರ್ ಅಕ್ಷರ, ಫಿಟ್ಟರ್ ಅಕ್ಷರ

ಪೀಣ್ಯದಲ್ಲಿ ಸ್ಟೋರ್ ಕೀಪರ್ ಆಗಿದ್ದವನಿಗೆ ನಗುವುದಕ್ಕೆಂದು ನಾಟಕಕ್ಕೆ ಹೋಗುವ ಖರ್ಚು ಬೀಳುವುದಿಲ್ಲ. ಕೌಂಟರಿನ ಹಿಂದೆ ಸುಮ್ಮನೆ ಕೂತಿದ್ದರೆ ಸಾಕು, ಪ್ರಸಂಗಗಳು ತಾವಾಗಿಯೇ ಬಂದು "ಸಾರ್, ಒಂದು ಡ್ರಿಲ್ ಬಿಟ್ ಕೊಡಿ" ಎನ್ನುತ್ತವೆ. ಅದರಲ್ಲೂ ತುಮಕೂರು ರಸ್ತೆಯಿಂದ ನಮ್ಮ ಶೆಡ್ಡಿನ ಕಡೆಗೆ ಹೊಸ ಇಂಗ್ಲಿಷ್ ಪದವೊಂದು ತಿರುಗಿತೆಂದರೆ ಮುಗಿಯಿತು. ಸಂಜೆ ಸೈರನ್ ಕೂಗುವುದರೊಳಗೆ ಯಾರಾದರೊಬ್ಬರು ಅದನ್ನು ಎಡವಿ ಬೀಳುವುದು ಖಂಡಿತ.

ತೊಂಬತ್ತರ ದಶಕದ ನಡುವಿನ ಮಾತು. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಮ್ಮದೊಂದು ಶೆಡ್ಡು. ಮೇಲೆ ಸಿಮೆಂಟ್ ಶೀಟು, ಕೆಳಗೆ ನಾಲ್ಕು ಲೇತು, ಎರಡು ಡ್ರಿಲ್ಲಿಂಗ್ ಮಿಷನ್ನು, ಇಪ್ಪತ್ತೆರಡು ಜನ. ನೀರಿನ ಪಂಪಿಗೆ ಬೇಕಾದ ಉಕ್ಕಿನ ಶಾಫ್ಟುಗಳನ್ನು ಮಾಡುತ್ತಿದ್ದೆವು. ಬೇಕಾದವರಿಗೆ ಸರಳು, ಉಪಕರಣ ಕೊಟ್ಟು ಸಂಜೆ ವಾಪಸ್ ಇಸಿದುಕೊಳ್ಳುವುದು ನನ್ನ ಕೆಲಸ. ನಾನು ಸೋಮಾರಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿಯುವುದು ಬೇಡ. ಬಿ.ಕಾಂ. ಪೂರ್ತಿ ಗೈಡು ಓದಿ ಪಾಸು ಮಾಡಿದವನು. ಕೂತ ಜಾಗದಿಂದಲೇ ಎಷ್ಟು ಕೆಲಸ ಸಾಗುತ್ತದೋ ಅಷ್ಟೇ ಕೆಲಸ ಎಂದು ನಂಬಿದ್ದೆ.

೧. ಬದುಕಿದ್ದಾಗಲೇ ಬರುವ ಪಾಲಿಸಿ

ಒಂದು ಸೋಮವಾರ ನಮ್ಮ ಯಜಮಾನರು ಎಲ್ಲರನ್ನೂ ಸೇರಿಸಿದರು. ಅವರು ಹುಬ್ಬಳ್ಳಿ ಕಡೆಯವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಮೈಕ್ರೋಮೀಟರು, ಎರಡನ್ನೂ ಬಿಟ್ಟು ಅವರನ್ನು ನಾನು ಕಂಡಿಲ್ಲ.

"ನೋಡ್ರಪಾ, ದೊಡ್ಡ ಗಿರಾಕಿ ಹೇಳ್ಯಾರ, ಬರೋ ವರ್ಷದಿಂದ ಕ್ವಾಲಿಟಿ ಸರ್ಟಿಫಿಕೇಟ್ ಇಲ್ಲದವರಿಗೆ ಆರ್ಡರ್ ಇಲ್ಲಂತ. ಇವರು ಕನ್ಸಲ್ಟೆಂಟ್ ಸಾಹೇಬ್ರು. ಇವರು ಹೇಳಿದಂಗ ಮಾಡೂಣು" ಎಂದರು.

ಪೀಣ್ಯದ ಬಿಸಿಲಿನಲ್ಲೂ ಟೈ ಕಟ್ಟಿದ್ದ ಕನ್ಸಲ್ಟೆಂಟ್ ಮುಂದೆ ಬಂದು, "ಇನ್ನು ಮೇಲೆ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಕ್ವಾಲಿಟಿ ಪಾಲಿಸಿ ಇರಬೇಕು" ಎಂದ.

ಹಿಂದಿನ ಸಾಲಿನಿಂದ ನಮ್ಮ ಟರ್ನರ್ ಅಣ್ಣ ಕೈಯೆತ್ತಿದರು. ಲೇತಿನ ಮೇಲೆ ಸರಳು ತಿರುಗಿಸಿ ಶಾಫ್ಟು ಕೊರೆಯುವವರಿಗೆ ಟರ್ನರ್ ಎನ್ನುತ್ತಾರೆ. ಅಂಥವರು ನಮ್ಮಲ್ಲಿ ನಾಲ್ವರಿದ್ದರೂ 'ಟರ್ನರ್ ಅಣ್ಣ' ಎಂದರೆ ಇವರೊಬ್ಬರೇ. ನೆಲಮಂಗಲದ ಪಕ್ಕದ ಹಳ್ಳಿ, ನಲವತ್ತಾರು ವರ್ಷ, ಅದರಲ್ಲಿ ಹದಿನೆಂಟು ವರ್ಷ ಒಂದೇ ಲೇತಿನ ಮುಂದೆ.

"ಸಾರ್, ನಂದು ಆಗ್ಲೇ ಎರಡು ಪಾಲಿಸಿ ಐತೆ. ನಮ್ ಬಾಮೈದನೇ ಏಜೆಂಟು. ಈಗ ನಿಮ್ತಾವ ಮೂರ್ನೇದು ಮಾಡಿಸ್ದ್ರೆ ಮನೇಲಿ ಜಗಳ ಆಯ್ತದೆ."

"ಅಯ್ಯೋ, ಆ ಪಾಲಿಸಿ ಅಲ್ರೀ! ಇದು ನಾವೆಲ್ಲ ಪಾಲಿಸಬೇಕಾದ ಮಾತು."

"ಪಾಲಿಸಬೇಕಾದ್ದಕ್ಕೇ ಪಾಲಿಸಿ ಅನ್ನೋದಾ? ಅಂಗಂದ್ರೆ ಕನ್ನಡನೇ ಬುಡಿ!" ಎಂದು ಟರ್ನರ್ ಅಣ್ಣ ಸಮಾಧಾನದಿಂದ ಕೂತರು.

ಆ ಸಮಾಧಾನ ಐದು ನಿಮಿಷ ಉಳಿಯಲಿಲ್ಲ. ಕನ್ಸಲ್ಟೆಂಟ್ ಮುಂದಿನ ನಿಯಮ ಹೇಳಿದ. ಪ್ರತಿ ಮಿಷನ್ನಿಗೂ ಒಂದು ರಿಜಿಸ್ಟರ್. ಯಾರ ಕೈಯಲ್ಲಿ ಮಿಷನ್ನೋ ಅವರ ಕೈಬರಹದಲ್ಲೇ ಅದು ತುಂಬಬೇಕು. ಮಾಡಿದ ಶಾಫ್ಟಿನ ಅಳತೆ ಬರೆಯಬೇಕು, ಕೆಟ್ಟರೆ ಕಾರಣವನ್ನೂ ಪರಿಹಾರವನ್ನೂ ಬರೆಯಬೇಕು. ಬರೆಯಲು ಬಾರದವರು ಮಿಷನ್ ಮುಟ್ಟುವಂತಿಲ್ಲ. ಸರ್ಟಿಫಿಕೇಟ್ ಕೊಡುವವರ ಆಡಿಟ್ಟಿಗೆ, ಅಂದರೆ ತಪಾಸಣೆಗೆ, ನಾಲ್ಕು ತಿಂಗಳಿದೆ.

ಇಪ್ಪತ್ತೊಂದು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಟರ್ನರ್ ಅಣ್ಣನಿಗೆ ಅಂಕಿ ಚೆನ್ನಾಗಿ ಗೊತ್ತು, ಕೂದಲೆಳೆಯನ್ನು ಏಳು ಭಾಗ ಮಾಡಿ ಒಂದು ಭಾಗ ತೆಗೆಯೆಂದರೆ ತೆಗೆದಾರು. ಅಕ್ಷರ ಮಾತ್ರ ಗೊತ್ತಿಲ್ಲ. ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿ ಎಮ್ಮೆ ಹಿಂದೆ ಕಳಿಸಿದ್ದರಂತೆ. ಯಜಮಾನರು ನೆಲ ನೋಡುತ್ತಾ, "ಬರೆಯಾಕ ಬರಲಾರದವರನ್ನ ಲಾರಿ ಲೋಡಿಂಗಿಗೆ ಹಾಕಬೇಕಾಗ್ತದ. ನನ್ನ ಮನಸ್ಸಿಗೂ ಬ್ಯಾಸರ ಐತಿ" ಎಂದರು.

ಮಧ್ಯಾಹ್ನ ಟರ್ನರ್ ಅಣ್ಣ ಸ್ಟೋರಿಗೆ ಬಂದರು. ಕೌಂಟರಿಗೆ ಮೊಣಕೈಯೂರಿದರು. ಆಮೇಲೆ ಹೇಳಿದರು: "ಸತ್ತ ಮೇಲೆ ಲೇತ್ ಬುಡೋಣ ಅಂದ್ಕೊಂಡಿದ್ದೆ ಸಾರ್. ಇವ್ರು ಬದುಕಿರೋವಾಗ್ಲೇ ಬುಡುಸ್ತಾವ್ರೆ. ನಮ್ ಬಾಮೈದನ ಪಾಲಿಸಿನೇ ವಾಸಿ."

೨. ಬೆನ್ನಿಗಂಟಿದ ಚೀಟಿ

ಆಮೇಲೆ ಬಂದದ್ದು ಚೀಟಿಯ ಕಾಲ. ಶೆಡ್ಡಿನ ಪ್ರತಿ ವಸ್ತುವಿಗೂ ಗುರುತಿನ ಚೀಟಿ ಇರಬೇಕು, ಇಲ್ಲದ್ದನ್ನು ಮೂಲೆಯ ಕೆಂಪು ಡಬ್ಬಕ್ಕೆ ಹಾಕಬೇಕು ಎಂದು ಕನ್ಸಲ್ಟೆಂಟ್ ಅಪ್ಪಣೆ ಮಾಡಿದ. ನಮ್ಮ ವಾಚ್‌ಮನ್ ಮಿಲಿಟರಿಯಲ್ಲಿದ್ದು ಬಂದವನು, ಅಪ್ಪಣೆಯೆಂದರೆ ಅಪ್ಪಣೆ. ಮರುದಿನ ಕನ್ಸಲ್ಟೆಂಟ್ ತನ್ನ ಬ್ರೀಫ್‌ಕೇಸನ್ನು ಬೆಂಚಿನ ಮೇಲಿಟ್ಟು ಕೈತೊಳೆಯಲು ಹೋಗಿ ಬಂದರೆ ಅದು ಇಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಕೆಂಪು ಡಬ್ಬದಲ್ಲಿ, ಕೆಟ್ಟ ಶಾಫ್ಟುಗಳ ನಡುವೆ ಸಿಕ್ಕಿತು. "ಚೀಟಿ ಇರ್ಲಿಲ್ಲ ಸಾರ್" ಎಂದು ವಾಚ್‌ಮನ್ ಸೆಲ್ಯೂಟ್ ಹೊಡೆದ. ಮಾರನೆಯ ದಿನ ಕನ್ಸಲ್ಟೆಂಟ್ ಬ್ರೀಫ್‌ಕೇಸಿಗೆ ಚೀಟಿ ಅಂಟಿಸಿಕೊಂಡೇ ಬಂದ. ವಾಚ್‌ಮನ್ ಅದನ್ನು ಗೇಟಿನಲ್ಲೇ ತಡೆದು ಓದಿ, "ಚೀಟಿ ಐತೆ, ತಾರೀಕಿಲ್ಲ" ಎಂದ.

ನಾವೆಲ್ಲ ನಕ್ಕೆವು. ಆದರೆ ಅದೇ ವಾರ ನಗು ನನ್ನ ಕಡೆಗೇ ತಿರುಗಿತು. ಒಳ್ಳೆಯ ಮಾಲಿಗೆ 'ಸ್ವೀಕೃತ', ಕೆಟ್ಟದ್ದಕ್ಕೆ 'ತಿರಸ್ಕೃತ' ಎಂದು ದೊಡ್ಡ ಚೀಟಿಗಳನ್ನು ಬರೆಯುವ ಕೆಲಸ ನನಗೆ ಬಿದ್ದಿತ್ತು, ನನ್ನ ಅಕ್ಷರ ಚಲೋ ಎಂದು ಯಜಮಾನರ ಅಭಿಪ್ರಾಯ. ಬರೆದೆ, ಗೋಂದು ಹಚ್ಚಿದೆ, ಎದ್ದು ಹೋಗಿ ಅಂಟಿಸುವುದಕ್ಕೆ ಬೇಸರವಾಗಿ ಪಕ್ಕದ ಕುರ್ಚಿಯ ಬೆನ್ನಿಗೆ ಒಂದೊಂದಾಗಿ ನೇತುಹಾಕಿದೆ. ಸಂಜೆ ಟರ್ನರ್ ಅಣ್ಣ ಬಂದು ಆ ಕುರ್ಚಿಯಲ್ಲಿ ಹಿಂದಕ್ಕೊರಗಿ ಟೀ ಕುಡಿದು, ಸೈಕಲ್ ಹತ್ತಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದರು. "ದಾಸರಳ್ಳಿ ತಾವಿಂದ ನಮ್ಮೂರ್ಗಂಟ ಸೈಕಲ್ ತುಳಿದೆ ಸಾರ್. ದಾರೀಲಿ ಎಲ್ಲಾರೂ ನಗ್ತಿದ್ರು. ನಾನೂ ನಗ್ತಾ ನಗ್ತಾ ಕೈ ಮುಗಿದೆ. ಮನೇಲಿ ಮಗಳು ಓದಿದ್ಲು, ತಿರಸ್ಕೃತ ಅಂತ."

ತಪ್ಪಾಯಿತು ಅಣ್ಣಾ ಎಂದೆ. ಅವರು ಕೈಯಾಡಿಸಿ ಸುಮ್ಮನಾಗಿಸಿದರು.

"ಊರಿಗೆಲ್ಲ ಗೊತ್ತಾಯ್ತು, ಹೊತ್ಕೊಂಡೋದ ನಂಗೊಬ್ಬಂಗೇ ಗೊತ್ತಾಗ್ಲಿಲ್ಲ. ಕಲಿಸ್ಕೊಡಿ ಸಾರ್."

"ಖಂಡಿತ ಅಣ್ಣಾ. ಎಲ್ಲಿಂದ ಶುರು ಮಾಡೋಣ?"

ಅವರು ಚೀಟಿ ಬಿಡಿಸಿ 'ತಿರಸ್ಕೃತ'ದ ಮೇಲೆ ಬೆರಳಿಟ್ಟರು. "ಇದ್ರಿಂದ್ಲೇ."

ಕಾಲೇಜು ಮೆಟ್ಟಿಲು ಹತ್ತಿದ ನಾನೇ ಆ 'ಸ್ಕೃ' ಬರೆಯುವಾಗ ಉಸಿರು ಬಿಗಿಹಿಡಿಯುತ್ತೇನೆ. "ಅಣ್ಣಾ, ಇದು ಕೊನೇ ಪಾಠ. ಮೊದಲು ಅ, ಆ ಇದೆ" ಎಂದೆ. "ಆಗ್ಲಿ. ಆದ್ರೆ ಈ ಚೀಟಿ ನನ್ತಾವೇ ಇರ್ಲಿ" ಎಂದು ಜೇಬಿಗೆ ಹಾಕಿಕೊಂಡರು.

೩. ಬೇರಿಂಗಿನಂಥ ಅಕ್ಷರ

ಮೊದಲ ತೊಡಕು, ಕನ್ನಡ ಕಲಿಯುವುದೋ ಇಂಗ್ಲಿಷೋ ಎಂಬುದು. ಕನ್ಸಲ್ಟೆಂಟ್ ಎಲ್ಲವೂ ಇಂಗ್ಲಿಷಿನಲ್ಲಿರಬೇಕು ಎನ್ನುತ್ತಿದ್ದ. ಟರ್ನರ್ ಅಣ್ಣ ಅವನನ್ನೇ ಕೇಳಿದರು: "ಸಾರ್, ನಿಮ್ ಪುಸ್ತಕದಲ್ಲಿ ಇಂಗ್ಲಿಷ್ನಾಗೇ ಬರೀಬೇಕು ಅಂತ ಎಲ್ಲೈತೆ ತೋರ್ಸಿ." ಅವನು ಪುಟ ತಿರುವಿದ, ಮತ್ತೆ ತಿರುವಿದ, ಟೈ ಸಡಿಲಿಸಿಕೊಂಡು ಮತ್ತೊಮ್ಮೆ ತಿರುವಿದ. ಎಲ್ಲಿಯೂ ಇರಲಿಲ್ಲ. "ಹಂಗಾರ ರಿಜಿಸ್ಟರ್ ಕನ್ನಡದಾಗ ಬರೀರಿ" ಎಂದು ಯಜಮಾನರು ತೀರ್ಪು ಕೊಟ್ಟರು.

ಊಟದ ವೇಳೆಯಲ್ಲಿ ಅರ್ಧ ಗಂಟೆ ಪಾಠ. ಪೆನ್ಸಿಲ್ ಕೊಟ್ಟರೆ ಟೂಲ್ ಬಿಗಿದಂತೆ ಹಿಡಿದು ಒತ್ತುತ್ತಿದ್ದರು, ಮೊನೆ ಟಪ್ಪನೆ ಮುರಿಯುತ್ತಿತ್ತು. ಮೊದಲ ದಿನ ಏಳು ಸಲ ಮುರಿಯಿತು. ಎರಡನೆಯ ದಿನ ಪೆನ್ಸಿಲನ್ನು ಲೇತಿಗೇ ಸಿಕ್ಕಿಸಿ ಚೂಪು ಮಾಡಿಕೊಂಡು ಬಂದರು. ಅಂಥ ತುದಿಯನ್ನು ನಾನು ಈವರೆಗೆ ಯಾವ ಪೆನ್ಸಿಲಿನಲ್ಲೂ ನೋಡಿಲ್ಲ. ಅದೂ ಮುರಿಯಿತು.

"ಕಾಗದ ಮೆತ್ತಗೈತೆ ಸಾರ್, ಕೈಗೆ ಸಿಗಾಕಿಲ್ಲ" ಎಂದು ಒಂದು ತಗಡಿಗೆ ನೀಲಿ ಬಣ್ಣ ಬಳಿದು, ಗೆರೆ ಎಳೆಯುವ ಉಕ್ಕಿನ ಸೂಜಿ ತಂದರು. ನಾವು ತಗಡಿನ ಮೇಲೆ ಶಾಫ್ಟಿನ ಗುರುತು ಹಾಕುವುದು ಹಾಗೆಯೇ. ಅದರ ಮೇಲೆ ನಾನು 'ರ' ಬರೆದೆ. ಅವರು ಕಣ್ಣು ಕಿರಿದಾಗಿಸಿ ನೋಡಿದರು. 'ಠ' ಬರೆದೆ. ಅವರ ಮುಖ ಅರಳಿತು.

"ಇದು ಬೇರಿಂಗು! ರೌಂಡ್ ಹೊಡ್ದು, ಮಧ್ಯದಾಗೆ ಸೆಂಟರ್ ಪಂಚ್ ಹೊಡ್ದು ಚುಕ್ಕೆ ಇಟ್ಟವ್ರೆ. ಮೇಲೊಂದು ಎಣ್ಣೆ ಮುಚ್ಚಳ!"

ಸೊನ್ನೆ ವಾಷರಾಯಿತು. 'ಅ' ಎಂದರೆ ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದು. ಗೋಡೆಯ ಮೇಲಿದ್ದ ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಅವರು ತಮ್ಮದೇ ಸಂಶೋಧನೆ ಮಂಡಿಸಿದರು: "ಸಾರ್, ಕನ್ನಡ ಅಕ್ಸರ ಟರ್ನರ್ ಮಾಡಿದ್ದು. ಎಲ್ಲಾ ರೌಂಡು. ಇಂಗ್ಲಿಷ್ ಫಿಟ್ಟರ್ ಮಾಡಿದ್ದು, ಬರೀ ಅರ ಹಾಕಿ ಉಜ್ಜಿ ನೇರ ಮಾಡಿರೋ ಪಟ್ಟಿ. ನೋಡಿ, ಈ ಓ ಒಂದನ್ನ ಮಾತ್ರ ನಮ್ಮೋರ ತಾವ ಮಾಡಿಸ್ಕೊಂಡವ್ರೆ."

ನಾನು ಅಡ್ಡದಾರಿಯ ಮನುಷ್ಯ. "ಅಣ್ಣಾ, ಇಡೀ ವರ್ಣಮಾಲೆ ಯಾಕೆ? ರಿಜಿಸ್ಟರಿಗೆ ಬೇಕಾದ ಹತ್ತು ಪದ ಚಿತ್ರದ ಥರ ಬಾಯಿಪಾಠ ಮಾಡಿಬಿಡಿ" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ಡ್ರಾಯಿಂಗ್ ಓದ್ದೆ, ಪಕ್ಕದೋನ ಪೀಸ್ ನೋಡಿ ಕಾಪಿ ಹೊಡೆಯೋನು ಟರ್ನರ್ರೇ ಅಲ್ಲ ಸಾರ್." ಅಂದಿನಿಂದ ಬೆಳಗಿನ ಸೈರನ್ನಿಗೆ ಅರ್ಧ ಗಂಟೆ ಮೊದಲೇ ಬಂದು, ದಿನಕ್ಕೊಂದು ಅಕ್ಷರವನ್ನು ನೂರು ಸಲ ತಗಡಿನ ಮೇಲೆ ಗೀಚುತ್ತಿದ್ದರು. ಸೈಜು ಬರುವವರೆಗೂ ಬಿಡುತ್ತಿರಲಿಲ್ಲ. ಸೈಜು ಎಂದರೆ ನಿಜವಾಗಿಯೂ ಸೈಜು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟುಕೊಂಡೇ ಕೂರುತ್ತಿದ್ದರು.

ಒಂದು ದಿನ ನಾನು ಬರೆದುಕೊಟ್ಟ ಮಾದರಿಯ ಮೇಲೆ ಅದೇ ಅಳತೆಪಟ್ಟಿ ಇಟ್ಟರು. "ನಿಮ್ಮ ಈ 'ರ' ಆರು ಮಿಲಿ ಐತೆ, ಆ 'ರ' ಏಳೂವರೆ. ಎರಡೂ ಒಂದೇ ಅಕ್ಸರ ತಾನೆ ಸಾರ್?" ಎಂದು ಕೇಳಿ, ನನ್ನ ತಗಡನ್ನು ಮೆಲ್ಲಗೆ ಎತ್ತಿ ಕೆಂಪು ಡಬ್ಬಕ್ಕೆ ಹಾಕಿದರು.

೪. ಬರೆದಂತೆ ಮಾಡಿದ ಟೀ

ಮಾಡುವುದನ್ನು ಬರೆಯಿರಿ, ಬರೆದದ್ದನ್ನೇ ಮಾಡಿ. ಇದು ಕನ್ಸಲ್ಟೆಂಟನ ಮಂತ್ರ. ಎಲ್ಲ ಕೆಲಸಕ್ಕೂ ಲಿಖಿತ ವಿಧಾನ ಬೇಕೆಂದ. ನಮ್ಮ ಟೀ ಮಾಡುವ ಅಕ್ಕನ ಕೆಲಸವೂ ಅದರಲ್ಲಿ ಸೇರಿತು. ನಾನು ಕೂತಲ್ಲೇ, ಅವರನ್ನು ಒಂದು ಮಾತೂ ಕೇಳದೆ, ಬರೆದು ಕಳಿಸಿದೆ: ಹಾಲು ಕಾಯಿಸುವುದು, ಸಕ್ಕರೆ ಹಾಕುವುದು, ಸೋಸುವುದು, ಲೋಟಕ್ಕೆ ಬಗ್ಗಿಸುವುದು.

ಹನ್ನೊಂದು ಗಂಟೆಗೆ ಇಪ್ಪತ್ತೆರಡು ಲೋಟ ಬಿಸಿ ಹಾಲು ಬಂತು. ಯಜಮಾನರು ಒಂದು ಗುಟುಕು ಕುಡಿದು, "ಯಾಕವಾ, ಯಾರಿಗರ ಹುಷಾರಿಲ್ಲೇನು?" ಎಂದು ಕೇಳಿದರು.

ಅಕ್ಕ ಸೊಂಟದಿಂದ ನನ್ನ ಹಾಳೆ ತೆಗೆದು ಬಿಡಿಸಿದರು. "ಟೀ ಪುಡಿ ಎಲ್ಲಿ ಬರ್ದಿದಾರೆ ತೋರ್ಸಿ ಸಾರ್. ಬರೀದೇ ಇರೋದನ್ನ ನಾನ್ ಯಾಕೆ ಮಾಡ್ಲಿ?"

ಎಲ್ಲರಿಗಿಂತ ಜೋರಾಗಿ ನಕ್ಕವರು ಟರ್ನರ್ ಅಣ್ಣ. ನಕ್ಕು ಮುಗಿಸಿ ನನ್ನ ಕಡೆ ತಿರುಗಿ, "ಓದಕ್ಕೆ ಬರೋರ ತಾವ ಉಸಾರಾಗಿರ್ಬೇಕು ಸಾರ್. ಇನ್ನೆರಡು ತಿಂಗಳಿಗೆ ನಾನೂ ಓದ್ತೀನಿ" ಎಂದರು. ಅದನ್ನು ತಮಾಷೆಯೆಂದು ತಿಳಿದೆ.

೫. ಹೆಬ್ಬೆಟ್ಟಿನ ಸಾಕ್ಷಿ

ಮೂರನೆಯ ತಿಂಗಳಲ್ಲಿ ಟರ್ನರ್ ಅಣ್ಣ ತಮ್ಮ ಹೆಸರು ಬರೆದರು. ಆ ಹೆಸರಿನಲ್ಲಿ ಒಂದೂ ಒತ್ತಕ್ಷರವಿಲ್ಲದ್ದು ಅವರ ತಾಯಿತಂದೆಯ ಪುಣ್ಯ. ತರಬೇತಿಯ ಹಾಜರಿ ಹಾಳೆಯಲ್ಲಿ, ಪ್ರತಿ ಸಲ ಹೆಬ್ಬೆಟ್ಟು ಒತ್ತುತ್ತಿದ್ದ ಜಾಗದಲ್ಲಿ, ನಾಲಿಗೆ ಹಲ್ಲಿನ ನಡುವೆ ಹಿಡಿದು ಸಹಿ ಹಾಕಿದರು. ಶೆಡ್ಡಿನವರೆಲ್ಲ ಚಪ್ಪಾಳೆ ತಟ್ಟಿದೆವು.

ಹಾಳೆ ಆಫೀಸಿನ ಟೈಪಿಸ್ಟ್ ಮೇಡಂ ಕೈಗೆ ಹೋಯಿತು. ಅವರು ಫೈಲು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು, "ಇದು ನಡೆಯಲ್ಲ. ಫೈಲಲ್ಲಿರೋದಕ್ಕೂ ಇದಕ್ಕೂ ಮ್ಯಾಚ್ ಆಗ್ತಿಲ್ಲ" ಎಂದರು.

"ಫೈಲಲ್ಲಿರೋದು ಹೆಬ್ಬೆಟ್ಟು ಮೇಡಂ. ಅದಕ್ಕೆ ಇದೆಂಗೆ ಮ್ಯಾಚ್ ಆಯ್ತದೆ?"

"ಅದೇ ನಾನೂ ಹೇಳ್ತಿರೋದು. ಆಡಿಟರ್ ಕೇಳಿದ್ರೆ ನಾನೇನು ಹೇಳ್ಲಿ? ಇದು ನಿಮ್ಮದೇ ಸೈನ್ ಅನ್ನೋದಕ್ಕೆ ಏನು ಸಾಕ್ಷಿ?"

ಕೊನೆಗೆ ಮೇಡಂ ಅವರೇ ದಾರಿ ಕಂಡುಹಿಡಿದರು. 'ನನಗೆ ಈಗ ಸಹಿ ಮಾಡಲು ಬರುತ್ತದೆ, ಮೇಲಿನ ಸಹಿ ನನ್ನದೇ' ಎಂದು ನೀಟಾಗಿ ಟೈಪು ಮಾಡಿ, ಶಾಯಿಯ ಪ್ಯಾಡು ಮುಂದೆ ತಳ್ಳಿ, "ಇಲ್ಲಿ ಒಂದು ಹೆಬ್ಬೆಟ್ಟು ಒತ್ತಿ" ಎಂದರು.

೬. ಒತ್ತಿಲ್ಲದ ಕಾರಣ

ಒತ್ತಕ್ಷರ ಬಂದ ಮೇಲೆ ಬಂಡಿ ನಿಂತಿತು. ಲೋಹ ಕೊರೆದಾಗ ಅಂಚಿನಲ್ಲಿ ನೇತಾಡುವ ಚೂರಿಗೆ ನಮ್ಮಲ್ಲಿ 'ಬರ್' ಎನ್ನುತ್ತಾರೆ. ಅದನ್ನು ಅರ ಹಾಕಿ ಉಜ್ಜಿ ತೆಗೆಯುವುದು ಒಳ್ಳೆಯ ಟರ್ನರನ ಅಭ್ಯಾಸ. ಟರ್ನರ್ ಅಣ್ಣನ ಕಣ್ಣಿಗೆ ಒತ್ತಕ್ಷರವೆಂದರೆ ಬರ್. "ಇಷ್ಟು ನೀಟಾಗಿರೋ ಅಕ್ಸರಕ್ಕೆ ಕೆಳಗೆ ಇದ್ಯಾಕೆ ನೇತಾಕ್ಕೊಂಡೈತೆ?" ಎಂದು ಅವನ್ನೆಲ್ಲ ಬಿಟ್ಟು ಬರೆಯುತ್ತಿದ್ದರು. 'ಅಪ್ಪ' 'ಅಪ'ವಾದ, 'ಅಮ್ಮ' 'ಅಮ'ಳಾದಳು. "ಕನ್ನಡ ಅಂತ ಬರೆಯೋಕೇ ಒತ್ತು ಬೇಕಲ್ಲ ಅಣ್ಣಾ" ಎಂದಾಗ ಅವರು ಪೂರ್ತಿ ಕುಗ್ಗಿಹೋದರು.

ಆಡಿಟ್ಟಿಗೆ ಎರಡು ವಾರವಿದ್ದಾಗ ಒಂದು ಬೆಳಿಗ್ಗೆ ಅವರ ಲೇತು ನಡುವೆಯೇ ನಿಂತಿತು. ಹೋಗಿ ನೋಡಿದರೆ ಮುಗಿಯುತ್ತಾ ಬಂದ ಶಾಫ್ಟನ್ನು ಕೈಯಲ್ಲಿ ಹಿಡಿದು ಕೂತಿದ್ದಾರೆ. ಕೂದಲೆಳೆಯ ಅರ್ಧದಷ್ಟೂ ಇಲ್ಲ, ಅಷ್ಟು ಹೆಚ್ಚು ಕೊರೆದುಬಿಟ್ಟಿದ್ದರು. ಬೇರೆಯವರಾಗಿದ್ದರೆ ಅದು ಮಾತೇ ಅಲ್ಲ. ಆ ಕೈಯಲ್ಲಿ ಮಾಲು ಕೆಟ್ಟದ್ದನ್ನು ಮಾತ್ರ ನಾನು ನೋಡಿಯೇ ಇರಲಿಲ್ಲ.

"ತಲೇಲಿ ಆ 'ಜ್ಞ' ತಿರುಗ್ತಿತ್ತು ಸಾರ್. ಕೈ ತಾನೇ ಓಡ್ತು" ಎಂದರು. ಶಾಫ್ಟನ್ನು ಕೆಳಗಿಟ್ಟು, "ಅಕ್ಸರದ ಹಿಂದೆ ಬಿದ್ದೆ, ಕೈಕೆಲ್ಸನೂ ಕೆಡಿಸ್ಕೊಂಡೆ. ಎರಡೂ ಇಲ್ದಂಗಾಯ್ತದೇನೋ" ಎಂದರು.

ಕಲಿಸಲು ಹೋಗಿ ನಾನೇ ಈ ಮನುಷ್ಯನ ಲೇತು ಕಳೆದೆನೇ ಎಂದು ನಿಜಕ್ಕೂ ಹೆದರಿದೆ. ಸಮಾಧಾನ ಹೇಳಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. "ಬಿಡಿ ಅಣ್ಣಾ, ರಿಜಿಸ್ಟರಲ್ಲಿ 'ಕರೆಂಟ್ ಹೋಗಿತ್ತು' ಅಂತ ಬರೀರಿ. ಎಲ್ಲರೂ ಅದನ್ನೇ ಬರೆಯೋದು" ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ಅವರು ನೋಡಿದರು. "ಇದ್ರಲ್ಲಿ ಒತ್ತೈತೆ."

"ಸರಿ, 'ಯಂತ್ರದ ಕಂಪನ' ಅನ್ನಿ."

"ಇದ್ರಾಗೂ ಐತೆ."

"'ಕಚ್ಚಾ ಮಾಲು ಸರಿಯಿಲ್ಲ'?"

"ಇದ್ರಾಗೆ ಎರಡೈತೆ!"

ಕನ್ನಡದಲ್ಲಿ ನಮ್ಮ ಎಲ್ಲ ನೆಪಗಳಿಗೂ ಒತ್ತಕ್ಷರ ಬೇಕೆಂಬುದು ನನಗೆ ಗೊತ್ತಾದದ್ದು ಅವತ್ತೇ. ಟರ್ನರ್ ಅಣ್ಣ ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡರು. 'ಕಾರಣ' ಎಂಬ ಕಾಲಮ್ಮಿನ ಕೆಳಗೆ, ಒಂದೊಂದೇ ಸುತ್ತು ನಿಧಾನವಾಗಿ ತಿರುಗಿಸಿ ಎರಡು ಅಕ್ಷರ ಬರೆದರು: 'ನಾನು'. 'ಪರಿಹಾರ' ಎಂಬಲ್ಲಿ ಬಹಳ ಹೊತ್ತು ಯೋಚಿಸಿ ಬರೆದರು: 'ಊಟದ ಬಳಿಕ ಓದು'.

ಆಮೇಲೆ ಅದನ್ನು ದೂರ ಹಿಡಿದು ನೋಡಿ ತಲೆದೂಗಿದರು. "ಇದು ಕ್ಲೀನಾಗೈತೆ ಸಾರ್. ಒಂದೂ ಬರ್ ಇಲ್ಲ."

೭. ಆಡಿಟರ್ ಅವರ ಹೆಸರು

ಆಡಿಟರ್ ಮದರಾಸಿನವರು. ತಮಿಳು, ಇಂಗ್ಲಿಷ್ ಬಿಟ್ಟರೆ ಮೂರನೆಯ ಭಾಷೆ ಮೌನ. ಕನ್ಸಲ್ಟೆಂಟ್ ಬಾಯಿ ತೆರೆಯುವಂತಿಲ್ಲವೆಂದು ನಿಯಮ, ಹೀಗಾಗಿ ರಿಜಿಸ್ಟರುಗಳನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಲೇತಿನ ರಿಜಿಸ್ಟರ್. ಕಾರಣ: ಕರೆಂಟ್ ಹೋಗಿತ್ತು. ಎರಡನೆಯದು: ಕರೆಂಟ್ ಹೋಗಿತ್ತು. ಮೂರನೆಯದರಲ್ಲೂ ಅದೇ. ಆಡಿಟರ್ ಕನ್ನಡಕ ತೆಗೆದು ನನ್ನನ್ನು ಕೇಳಿದರು: "ಪೀಣ್ಯದಲ್ಲಿ ಕರೆಂಟ್ ಹೋದರೆ ಮಿಷನ್ ನಿಲ್ಲುತ್ತದೋ, ಓಡುತ್ತದೋ?"

"ನಿಲ್ಲುತ್ತದೆ ಸಾರ್."

"ನಿಂತ ಮಿಷನ್ನು ಇಷ್ಟೊಂದು ಶಾಫ್ಟನ್ನು ಹೇಗೆ ಕೆಡಿಸಿತು?"

ಯಜಮಾನರ ಹಣೆಯ ಮೇಲೆ ವಿಭೂತಿ ಬೆವರಿನಲ್ಲಿ ಕರಗತೊಡಗಿತು. ಆಡಿಟರ್ ನಾಲ್ಕನೆಯ ಲೇತಿಗೆ ಬಂದರು. ಟರ್ನರ್ ಅಣ್ಣ ಕೈಕಟ್ಟಿ ನಿಂತರು. ಹದಿನೆಂಟು ವರ್ಷ ಆ ಒಂದು ಗಳಿಗೆಯ ಮೇಲೆ ನಿಂತಿತ್ತು. ಆಡಿಟರ್ ಆ ಒಂದೇ ಕೆಟ್ಟ ಶಾಫ್ಟಿನ ಸಾಲಿನ ಮೇಲೆ ಬೆರಳಿಟ್ಟು, ಏನಿದು ಎಂದರು.

"ಕಾರಣ: ನಾನು" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ನೀವಾ?"

"ನಾನಲ್ಲ ಸಾರ್, ಅವರು."

"ಪರಿಹಾರ?"

"ಊಟದ ಬಳಿಕ ಓದು." ಹಾಗೆಂದರೇನು ಎಂದು ಇಡೀ ಕಥೆ ಹೇಳಬೇಕಾಯಿತು, ಎಮ್ಮೆಯಿಂದ ಹಿಡಿದು ಜ್ಞದವರೆಗೆ. ಆಡಿಟರ್ ಮುಂದಿನ ಎಲ್ಲ ಪುಟಗಳನ್ನೂ ತಿರುವಿದರು. ಮತ್ತೊಂದು ಮಾಲೂ ಕೆಟ್ಟಿರಲಿಲ್ಲ. ತಿರುಗಿ ಆ ಎರಡಕ್ಷರದ ಮೇಲೆಯೇ ಬೆರಳಿಟ್ಟರು. ಇಷ್ಟು ಕಾರ್ಖಾನೆ ಸುತ್ತಿದ್ದೇನೆ, ಈ ಕಾಲಮ್ಮಿನಲ್ಲಿ ಮನುಷ್ಯನನ್ನು ಕಂಡದ್ದು ಇದೇ ಮೊದಲು ಎಂದರು.

ನಾನು ಉಸಿರು ಬಿಡುವಷ್ಟರಲ್ಲಿ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಕ್ವಾಲಿಟಿ ಪಾಲಿಸಿ ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. "ಅದರಲ್ಲಿ ಏನಿದೆ, ಕೇಳಿ."

ಟರ್ನರ್ ಅಣ್ಣ ಹೆದರಲಿಲ್ಲ. "ಅದು ಫಿಟ್ಟರ್ ಅಕ್ಸರ ಸಾರ್. ನಂಗೆ ಟರ್ನರ್ ಅಕ್ಸರ ಮಾತ್ರ ಬತ್ತದೆ."

ನಾನು ತೊದಲುತ್ತಾ ಅದನ್ನೂ ವಿವರಿಸಿದೆ. ಆಡಿಟರ್ ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಕಾಗದದ ಮೇಲೆ ತಮ್ಮ ಹೆಸರನ್ನು ತಮಿಳಿನಲ್ಲಿ ಬರೆದು ಟರ್ನರ್ ಅಣ್ಣನ ಮುಂದೆ ಹಿಡಿದರು. ಇದು ಯಾರು ಮಾಡಿದ್ದು, ಟರ್ನರೋ ಫಿಟ್ಟರೋ ಎಂದು ಕೇಳಿದರು.

ಟರ್ನರ್ ಅಣ್ಣ ಕಾಗದವನ್ನು ಬೆಳಕಿಗೆ ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ ಪರೀಕ್ಷಿಸಿದರು. "ಇದು ಇಬ್ಬರೂ ಸೇರಿ ಮಾಡಿರೋ ಜಾಬು ಸಾರ್. ಗೋಡೆ ಫಿಟ್ಟರ್ ಕಟ್ಟವ್ನೆ, ಸುರುಳಿ ಟರ್ನರ್ ಹಾಕವ್ನೆ. ಆದ್ರೆ ಕೆಲ್ಸ ನೀಟಾಗೈತೆ, ಪಾಸು."

ಆಡಿಟರ್ ಆಗ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಮ್ಮನ್ನೂ ಪಾಸು ಮಾಡಿದರು. ವರದಿಯಲ್ಲಿ ಒಂದೇ ಆಕ್ಷೇಪ: ಗೋಡೆಯ ಮೇಲಿನ ಪಾಲಿಸಿ ಕಾರ್ಖಾನೆಯ ಅತ್ಯುತ್ತಮ ಕೆಲಸಗಾರನಿಗೆ ಓದಲು ಬರುವುದಿಲ್ಲ, ಅವನ ಭಾಷೆಯಲ್ಲಿ ಬರೆಸಿ. ಯಜಮಾನರು ಟರ್ನರ್ ಅಣ್ಣನ ಎರಡೂ ಕೈ ಹಿಡಿದುಕೊಂಡು, "ಲೋಡಿಂಗ್ ಗೀಡಿಂಗ್ ಅಂದಿದ್ದು ಮರೀರಿ. ಈ ಲೇತ್ ನಿಮ್ಮದರೀ" ಎಂದರು. ಟರ್ನರ್ ಅಣ್ಣ ಕೈ ಬಿಡಿಸಿಕೊಂಡು ಲೇತಿನ ಹಿಂದೆ ಹೋಗಿ ಏನನ್ನೋ ಹುಡುಕುವವರಂತೆ ಬಗ್ಗಿದರು. ಎದ್ದಾಗ ಕಣ್ಣು ಕೆಂಪಗಿತ್ತು. "ಎಣ್ಣೆ ಸಿಡೀತು" ಎಂದರು. ಲೇತು ಆರಿಸಿಯೇ ಇತ್ತು.

೮. ಗುರುದಕ್ಷಿಣೆ

ಸರ್ಟಿಫಿಕೇಟ್ ಬಂದು, ಅದಕ್ಕೆ ಗಂಧದ ಹಾರ ಬಿದ್ದು, ಒಂದು ತಿಂಗಳಾಗಿರಬೇಕು. ಊಟ ಮುಗಿಸಿ ಕಾಲು ಚಾಚಿ ಕೂತಿದ್ದೆ. ಟರ್ನರ್ ಅಣ್ಣ ಬಂದು ನಲವತ್ತೆರಡು ಮಿಲಿ ಸರಳು ಕೇಳಿದರು. ಎದ್ದು ಅಳೆದು ಕೊಡುವುದು ನಿಯಮ. ಸ್ವತಃ ನಾನೇ ಬರೆದ ನಿಯಮ. ನಾನು ಕೂತಲ್ಲಿಂದಲೇ ಕೈ ತೋರಿಸಿ, "ಎಡಗಡೆ ಮೂಲೇಲಿದೆ ಅಣ್ಣಾ, ತಗೊಳ್ಳಿ" ಎಂದೆ.

ಹತ್ತು ನಿಮಿಷಕ್ಕೆ ಸರಳನ್ನು ಹೆಗಲ ಮೇಲೆ ಹೊತ್ತು, ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ವಾಪಸ್ ಬಂದರು. ಸರಳನ್ನು ಕೌಂಟರಿನ ಮೇಲೆ ಮೆಲ್ಲಗೆ ಮಲಗಿಸಿದರು. ಅದು ನಲವತ್ತೇ ಮಿಲಿ ಇದ್ದದ್ದು. ಅದಕ್ಕೊಂದು ಚೀಟಿ ಅಂಟಿತ್ತು, ಗೋಂದು ಇನ್ನೂ ಹಸಿ.

"ಸಾರ್, ಒಸಿ ಕಾಗುಣಿತ ನೋಡ್ಕೊಡಿ. ಹೊಸಾ ಪದ ಬರ್ದಿದೀನಿ" ಎಂದರು, ವಿದ್ಯಾರ್ಥಿಯ ವಿನಯದಿಂದ.

ಬಗ್ಗಿ ಓದಿದೆ. 'ತಿರಸ್ಕೃತ'. ನನ್ನದೇ ಹಳೆಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಎಷ್ಟು ಬೆಳಗು ತಿದ್ದಿದ್ದರೋ! 'ಸ'ದ ಕೆಳಗಿನ 'ಕ'ದ ಒತ್ತು, ಅದರ ಪಕ್ಕದ ಸುಳಿ, ಎಲ್ಲವೂ ಅಳತೆಪಟ್ಟಿ ಇಟ್ಟು ಕೊರೆದಂತಿದ್ದವು. ನನ್ನ ಬರಹಕ್ಕಿಂತ ಚೆನ್ನಾಗಿತ್ತು. ಹೆಮ್ಮೆಯಿಂದ ಇನ್ನೊಮ್ಮೆ ಓದಿ, ಅವರು ತೆರೆದಿಟ್ಟ ರಿಜಿಸ್ಟರಿನ ಕಡೆ ಕಣ್ಣು ಹೊರಳಿಸಿದೆ.

'ಕಾರಣ: ನೀವು. ಪರಿಹಾರ: ಎದ್ದು ಬಂದು ಕೊಡಿ.'

"ಒತ್ತು ಸರಿಯಾಗಿ ಬಿದ್ದೈತಾ ಸಾರ್?"

ಸರಿಯಾಗಿಯೇ ಬಿದ್ದಿತ್ತು. ನಾನು ಎದ್ದೆ.